ಕುರ್ಚಿಗೂ ಗಿಡಕ್ಕೂ ಒಂದೇ ಕಿಟಕಿ

ಆ ಮನೆಯಲ್ಲಿ ಬಿಸಿಲು ಬರುವ ಕಿಟಕಿ ಇದ್ದದ್ದು ಒಂದೇ. ಅದರ ಪಕ್ಕದಲ್ಲಿ ಹದಿನಾಲ್ಕು ವರ್ಷಗಳಿಂದ ಬಣ್ಣದಯ್ಯನ ಆರಾಮಕುರ್ಚಿ ವಿರಾಜಮಾನವಾಗಿತ್ತು. (ಬಣ್ಣದಯ್ಯ ಎಂಬುದು ಬೀದಿಯವರು ಇಟ್ಟ ಹೆಸರು; ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವನ ಕೆಲಸ. ಮನೆಯಲ್ಲಿ ಅವನ ಹೆಸರು "ರೀ".) ರಜೆಯ ದಿನ ಅಲ್ಲಿ ಕಾಲು ಚಾಚಿ, ಬಿಸಿಲಿಗೆ ಬೆನ್ನು ಕಾಯಿಸುತ್ತ ಪೇಪರ್ ಓದುವುದೇ ಅವನ ಪಾಲಿನ ಸಾಮ್ರಾಜ್ಯ. ಅದರ ಮೇಲೆ ದಂಡೆತ್ತಿ ಬಂದದ್ದು ಒಂದು ಕುಂಡದ ಗಿಡ. ಹೆಂಡತಿಗೆ ಅವಳ ಅಕ್ಕ ಕೊಟ್ಟದ್ದು.

"ರೀ, ಗಿಡಕ್ಕೆ ಬಿಸಿಲು ಬೇಕು. ಕುರ್ಚೀನ ಆ ಮೂಲೆಗೆ ಹಾಕಿ."

"ಅದು ಕತ್ತಲೆ ಮೂಲೆ ಕಣೇ! ಅಲ್ಲಿ ಕೂತು ಪೇಪರ್ ಓದೋದು ಹೇಗೆ?"

"ಅಲ್ಲಿ ಕೂತು ಗಿಡ ಅಡುಗೆ ಮಾಡ್ಕೊಳ್ಳೋದು ಹೇಗೆ? ಬೆಳಕಿದ್ರೇನೇ ಎಲೆ ತನ್ನ ಊಟ ತಾನು ಮಾಡ್ಕೊಳ್ಳೋದು."

ಆಗ ಬಣ್ಣದಯ್ಯನ ತಲೆಯೊಳಗೆ ಮಿಂಚು ಹೊಳೆಯಿತು. "ಬೆಳಕು ತಾನೇ? ಮೂಲೆಗೇ ತರಿಸ್ತೀನಿ. ಒಂದು ತಿಂಗಳು ಟೈಮ್ ಕೊಡು. ಗಿಡ ಸೊರಗಿದ್ರೆ ಅದು ಕಿಟಕಿಗೆ, ನನ್ನ ಕುರ್ಚಿ ಮೂಲೆಗೆ."

"ನಿಮ್ಮ ಬಾಯಿಂದಾನೇ ಬಂತು, ನೆನಪಿರಲಿ."

ಅಂಗಡಿಯಲ್ಲಿ ಯಾವ ಬಣ್ಣ ತೆಳುವಾದರೂ ಅದೇ ಬಣ್ಣದ ನಾಲ್ಕು ಹನಿ ಬಿಟ್ಟು ಗಾಢ ಮಾಡುವುದು ಅವನ ಇಪ್ಪತ್ತು ವರ್ಷದ ವಿದ್ಯೆ. ಎಲೆಯ ಬಣ್ಣ ಹಸಿರು. ಹಾಗಾದರೆ ಅದಕ್ಕೆ ಹಾಕಬೇಕಾದ್ದೂ ಹಸಿರು! ಅಂದೇ ಒಂದು ಹಸಿರು ಬಲ್ಬು ತಂದು, ಮೂಲೆಯಲ್ಲಿಟ್ಟ ಕುಂಡದ ನೆತ್ತಿಯ ಮೇಲೆ ತೂಗುಬಿಟ್ಟ. ಸ್ವಿಚ್ಚಿನ ಮೇಲೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿದ.

ಒಂಬತ್ತನೇ ತರಗತಿಯ ಮಗಳು ಬಲ್ಬು ನೋಡಿ ಹುಬ್ಬೇರಿಸಿದಳು. "ಅಪ್ಪಾ, ಎಲೆ ಹಸಿರಾಗಿ ಕಾಣೋದೇ ಅದು ಹಸಿರು ಬೆಳಕನ್ನ ಜಾಸ್ತಿ ವಾಪಸ್ ಕಳಿಸೋದ್ರಿಂದ. ಅದಕ್ಕೆ ಬೇಕಾಗಿರೋದು ಕೆಂಪು, ನೀಲಿ."

"ನೀನು ಪುಸ್ತಕ ಓದಿದೀಯ ಅಷ್ಟೆ. ನಾನು ಬಣ್ಣಾನ ಅರೆದು ಕುಡಿದಿದೀನಿ!"

ಮಗಳು ಸುಮ್ಮನಾದಳು. (ಅವಳು ಅಷ್ಟು ಬೇಗ ಸುಮ್ಮನಾದದ್ದಕ್ಕೇ ಅವನು ಹೆದರಬೇಕಿತ್ತು.)

ಗಿಡವಂತೂ ದಿನೇ ದಿನೇ ಹಸಿರಾಗೇ ಕಂಡಿತು. ಹತ್ತನೇ ದಿನ ನಾಲ್ಕು ಎಲೆ ಉದುರಿದವು. ಹಳೆಯವು ಹೋಗದೆ ಹೊಸವು ಬರುವುದು ಹೇಗೆ ಎಂದು ಅವನು ಸಮಾಧಾನ ಹೇಳಿದ. ಪಕ್ಕದ ಮನೆಯವರನ್ನು ಕರೆತಂದು ತೋರಿಸಿದ. ಅವರೂ ತಲೆದೂಗಿ ಹೋದರು.

ಮೂವತ್ತನೇ ದಿನ ಬೆಳಿಗ್ಗೆ ಹೆಂಡತಿ ಮೂಲೆಯಲ್ಲಿ ಬಗ್ಗಿ, ಎಲೆ ಎಲೆಯನ್ನೂ ತಿರುವಿ ನೋಡಿದಳು. ಬಲ್ಬಿನ ಬೆಳಕಿನಲ್ಲಿ ಗಿಡ ಕಡುಹಸಿರಾಗಿ ನಿಂತಿತ್ತು. ಅವಳ ಮುಖ ಸಪ್ಪಗಾಯಿತು.

"ಚೆನ್ನಾಗೇ ಇದೆ ಕಣ್ರೀ. ಆಯ್ತು, ಕುರ್ಚಿ ಅಲ್ಲೇ ಇರಲಿ."

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಬಣ್ಣದಯ್ಯ ಗೆದ್ದಿದ್ದ. ಆದರೆ ಇಪ್ಪತ್ತು ವರ್ಷದಿಂದ ಪ್ರತಿ ಗಿರಾಕಿಗೂ ಹೇಳಿದ ಮಾತು ನಾಲಗೆಯ ತುದಿಯಲ್ಲಿ ಕೂತಿತ್ತಲ್ಲ!

"ದೀಪದ ಕೆಳಗೆ ನೋಡಿ ಏನು ಒಪ್ಕೊಳ್ತೀಯ? ಬಣ್ಣಾನ ಯಾವತ್ತೂ ಬಿಸಿಲಲ್ಲಿ ನೋಡ್ಬೇಕು. ದೀಪ ಮೋಸ ಮಾಡುತ್ತೆ. ಬಾ ಇಲ್ಲಿ!" ಎಂದು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಮೆರವಣಿಗೆಯಲ್ಲಿ ತಂದು ಕಿಟಕಿಯಲ್ಲಿಟ್ಟ.

ಬಿಸಿಲಿನಲ್ಲಿ ಗಿಡ ಬಾಳೆಹಣ್ಣಿನ ಸಿಪ್ಪೆಯಷ್ಟು ಹಳದಿಯಾಗಿತ್ತು.

ಬಣ್ಣದಯ್ಯ ಇಂಗು ತಿಂದ ಮಂಗನ ಹಾಗೆ ನಿಂತ. ಹೆಂಡತಿ ಮಾತ್ರ ನಿಧಾನವಾಗಿ ಹೋಗಿ ಆರಾಮಕುರ್ಚಿಯ ಒಂದು ತುದಿ ಹಿಡಿದಳು. "ಆ ಕಡೆ ಹಿಡ್ಕೊಳ್ರೀ."

ಮೂಲೆಯಲ್ಲಿ ಕೂತ ಮೇಲೆ, ಆ ಹಸಿರು ಬಲ್ಬನ್ನಾದರೂ ತೆಗೆಯುತ್ತೇನೆಂದು ಅವನು ಅಂಗಲಾಚಿದ.

"ಇರಲಿ ಬಿಡಿ. ಆ ಬೆಳಕಲ್ಲಿ ನೀವು ತುಂಬಾ ಆರೋಗ್ಯವಾಗಿ ಕಾಣ್ತೀರಿ."

ಮೂರು ವಾರಕ್ಕೆ ಹಳದಿ ಎಲೆಗಳೆಲ್ಲ ಉದುರಿ, ಗಿಡ ನಿಜವಾದ ಹಸಿರಿನ ಎಂಟು ಎಲೆ ಬಿಟ್ಟಿತು. ಅಷ್ಟರಲ್ಲಿ ಬಣ್ಣದಯ್ಯನ ಕುರ್ಚಿ ಯಾರಿಗೂ ಕಾಣದಂತೆ ಸ್ವಲ್ಪ ಸ್ವಲ್ಪವೇ ಮೂಲೆ ಬಿಟ್ಟು ಸರಿಯತೊಡಗಿತ್ತು. ಮಗಳಿಗೆ ಮಾತ್ರ ಕಂಡಿತು. ಅವಳು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: "ಕತ್ತಲಲ್ಲಿಟ್ಟರೆ ಬೆಳಕಿನ ಕಡೆಗೆ ಬಾಗುತ್ತದೆ. ಅಪ್ಪ, ಈ ವಾರ: ಎರಡು ಗೇಣು."