ಶೆಟ್ಟರ ದೋಣಿಯ ತೂತಿನ ಅಳತೆ

ವರದಿಯಲ್ಲಿ ಒಂದು ಅಂಕಿ ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುವ ಮನುಷ್ಯ ನಾನು. ಪುಣೆಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಅದೇ ನನ್ನ ಕೆಲಸ. ಹಾಗಾಗಿ ಪಕ್ಕದ ಮನೆಯ ಶೆಟ್ಟರ ರಬ್ಬರ್ ದೋಣಿಯ ತೂತಿನ ಅಳತೆ ಕೊಡುವ ಹೊಣೆ ಬಂದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಕಲಬುರ್ಗಿ ಕಡೆಯವರು, ಈ ವಯಸ್ಸಿನವರೆಗೆ ದೋಣಿ ಹತ್ತಿದವರಲ್ಲ. "ಒಮ್ಮೆರೆ ನೀರಿನ ಮ್ಯಾಲ ಕೂತು ನೋಡಬೇಕವ್ವ" ಎಂದು ಮಗಳ ಮುಂದೆ ಆಸೆಪಟ್ಟಿದ್ದರು. ಸೋಮವಾರ ಅವರಿಗೆ ಊರಿನ ರೈಲು. ಭಾನುವಾರವೇ ಭೋರ್ ಹತ್ತಿರದ ಹಿನ್ನೀರಿಗೆ ಹೋಗುವುದೆಂದು ನನ್ನ ಹೆಂಡತಿ ಮಹಾದೇವಿ ತೀರ್ಮಾನಿಸಿದಳು.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲ್ ಇಟ್ಟಿರುವ ಶೆಟ್ಟರು ಗಾಳಿ ತುಂಬುವ ತಮ್ಮ ದೋಣಿ ಕೊಡಲು ಸಂತೋಷದಿಂದ ಒಪ್ಪಿದರು. ಅದರ ಹಿಂಬದಿಯ ಹಲಗೆಯಲ್ಲಿ, ಒಳಗೆ ಸೇರಿದ ನೀರು ಹೊರಹೋಗಲು ಒಂದು ತೂತು. ತೂತಿಗೊಂದು ಕೊಳವೆ, ಕೊಳವೆಗೊಂದು ಬಿರಡೆ. ಕೊಳವೆ ಒಡೆದಿತ್ತು, ಬಿರಡೆ ಕಳೆದಿತ್ತು. ಅಳತೆ ಕೊಟ್ಟರೆ ನೈಲಾನಿನಲ್ಲಿ ಎರಡನ್ನೂ ಮಾಡಿಕೊಡುವುದಾಗಿ ಲೇತ್ ಅಂಗಡಿಯವನು ಹೇಳಿದ.

ಮಹಾದೇವಿ ರವಿಕೆ ಹೊಲಿಯುವ ಟೇಪಿನಲ್ಲಿ ಅಳೆದು ಇಪ್ಪತ್ತೈದು ಮಿಲಿಮೀಟರ್ ಎಂದಳು. ಶೆಟ್ಟರು ಸ್ಕೇಲಿನಲ್ಲಿ ಅಳೆದು ಮೂವತ್ತೈದು ಎಂದರು.

"ಎಂತ ಮಾರಾಯ್ರೆ, ಸಮುದ್ರದ ಬದಿಯಲ್ಲಿ ಹುಟ್ಟಿದವ ನಾನು. ನನಗೆ ದೋಣಿ ಕಲಿಸ್ತೀರಾ?"

"ಬದಿಗೇ ಹುಟ್ಟೀರಲ್ರಿ, ದೋಣ್ಯಾಗೇನ್ ಹುಟ್ಟಿಲ್ಲಲ್ಲ" ಎಂದಳು ಮಹಾದೇವಿ.

ಎರಡೂ ಕಡೆಯವರ ಹೇಳಿಕೆಗೆ ಸಮಾನ ಜಾಗ ಕೊಡುವುದು ಪತ್ರಿಕಾಧರ್ಮ. ಸತ್ಯ ಅವೆರಡರ ನಡುವೆ ಎಲ್ಲೋ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಮೂವತ್ತು ಎಂದು ಬರೆದು ಕೊಟ್ಟೆ.

ಖಾತ್ರಿಯೇ ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಎರಡು ಮೂಲಗಳಿಂದ ವಿಚಾರಿಸಿದ್ದೇನೆ ಎಂದೆ.

ಶನಿವಾರ ಸಂಜೆ ಕೊಳವೆ ಬಂತು. ತೂತಿನೊಳಗೆ ಹೋಗಲಿಲ್ಲ. ಆಗ ಮೂವರೂ ಬಗ್ಗಿ ನೋಡಿದೆವು. ಮಹಾದೇವಿ ಅಳೆದದ್ದು ತೂತನ್ನು. ಶೆಟ್ಟರು ಅಳೆದದ್ದು ಹಲಗೆಯ ಹೊರಗೆ ಕೂರುವ ಹಳೇ ಕೊಳವೆಯ ಅಂಚನ್ನು. ಇಬ್ಬರೂ ಹೇಳಿದ್ದು ಸತ್ಯ. ಸುಳ್ಳು, ನನ್ನ ಸರಾಸರಿ ಮಾತ್ರ.

ಅಷ್ಟರಲ್ಲಿ ಲೇತ್ ಅಂಗಡಿ ಮುಚ್ಚಿತ್ತು. "ತೂತನ್ನೇ ಸ್ವಲ್ಪ ದೊಡ್ಡದು ಮಾಡುವ" ಎಂದು ಶೆಟ್ಟರು ಅರ ತಂದರು. ಅವರು ಒಂದು ಬದಿ ಉಜ್ಜಿದರು. ಸಮತೋಲನಕ್ಕಾಗಿ ನಾನು ಇನ್ನೊಂದು ಬದಿ ಉಜ್ಜಿದೆ. ಈಗ ಕೊಳವೆ ಒಳಗೆ ಹೋಯಿತು. ಹೋಗಿ ಆಚೆ ಬಿತ್ತು!

ಮಹಾದೇವಿ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಕೊಳವೆಗೆ ಬಿಗಿಯಾಗಿ ಸುತ್ತಿ ಕೂರಿಸಿದಳು. "ಇನ್ನ ಯಾರೂ ಏನೂ ಅಳೀಬ್ಯಾಡ್ರಿ" ಎಂದಳು.

ಭಾನುವಾರ ಅತ್ತೆ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕುಳಿತರು. ಮಹಾದೇವಿಯೂ ನಾನೂ ಹತ್ತಿದೆವು. ಶೆಟ್ಟರು ಹುಟ್ಟು ಹಾಕಿದರು. ದಡ ಇನ್ನೂ ಹತ್ತಿರವಿರುವಾಗಲೇ ಕೊಳವೆ, ಪಟ್ಟಿ, ಬಿರಡೆ ಮೂರೂ ಒಟ್ಟಾಗಿ ನಮ್ಮನ್ನು ಬಿಟ್ಟು ಹೋದವು. ನೀರು ಒಳಗೆ ಬಂತು. ಸುತ್ತಲಿನ ರಬ್ಬರಿನಲ್ಲಿ ಗಾಳಿ ಇರುವತನಕ ದೋಣಿ ಮುಳುಗುವುದಿಲ್ಲವೆಂದು ನಾನು ಗಟ್ಟಿಯಾಗಿ ಪ್ರಕಟಿಸಿದೆ. ನನ್ನನ್ನು ಬಿಟ್ಟು ಬೇರೆ ಯಾರೂ ಹೆದರಿರಲಿಲ್ಲ. ಯಾವುದನ್ನೂ ಮುಚ್ಚಿಡಬಾರದೆಂದು ಕಿರಿಯರಿಗೆ ಪಾಠ ಹೇಳುವ ನಾನು ಹಿಮ್ಮಡಿಯಿಂದ ತೂತು ಮುಚ್ಚಿ ಕುಳಿತೆ.

ಅತ್ತೆ ತಮ್ಮ ಪಾದ ಮುಳುಗಿದ್ದನ್ನು ನೋಡಿದರು.

"ಅಳಿಯಾರ, ದೋಣ್ಯಾಗ ಕಾಲ್ ತೊಳಕೊಳ್ಳಲಿಕ್ಕನೂ ನೀರಿನ ವ್ಯವಸ್ಥಾ ಇರ್ತದೇನ್ರಿ?"

ಶೆಟ್ಟರು ಗುಡ್ಡದ ಕಡೆ ನೋಡಿದರು. ಮಹಾದೇವಿ ನನ್ನ ಕಡೆ ನೋಡಿದಳು.

"ಹೌದ್ರಿ ಅತ್ತಿ" ಎಂದೆ.

"ಭಾಳ ಛಲೋ ಮಾಡ್ಯಾರ" ಎಂದು ಅವರು ನಿಧಾನವಾಗಿ ಕಾಲು ತೊಳೆದುಕೊಂಡರು. ದಡದ ಗುಂಟ ಇನ್ನೊಂದು ಸುತ್ತು ಹಾಕಿಸಿದರು. ಅಷ್ಟೂ ಹೊತ್ತು ನನ್ನ ಹಿಮ್ಮಡಿ ಕರ್ತವ್ಯದಲ್ಲಿತ್ತು.

ಹೊಸ ಕೊಳವೆಗೆ ಮಹಾದೇವಿಯೇ ಅಳತೆ ತೆಗೆದಿದ್ದಾಳೆ. ಟೇಪಿನ ತುದಿ ಹಿಡಿಯಲೂ ನನ್ನನ್ನು ಕರೆಯಲಿಲ್ಲ. ಅತ್ತೆ ಊರಿನಲ್ಲಿ, ಪುಣೆಯ ದೋಣಿಗಳಲ್ಲಿ ಕಾಲು ತೊಳೆಯಲು ನೀರು ತಾನಾಗಿ ಬರುತ್ತದೆ, ಅಳಿಯ ಅದನ್ನು ಕಾಲಲ್ಲೇ ನಿಲ್ಲಿಸುತ್ತಾನೆ ಎಂದು ಓಣಿಗೆಲ್ಲ ಹೇಳಿದ್ದಾರೆ.

ತಿದ್ದುಪಡಿ ಹಾಕಬೇಕು. ಇನ್ನೂ ಹಾಕಿಲ್ಲ.