ದಾಕ್ಷಾಯಣಮ್ಮನ ಡೇರೆ ಗೆಡ್ಡೆ

ತರೀಕೆರೆಗೆ ಇನ್ನು ನಾಲ್ಕೈದು ಮೈಲಿ ಇದೆ ಎನ್ನುವಾಗ ಬಸ್ಸು ಹಂಪ್ಸ್ ಹಾರಿ ಕುಲುಕದೆ ಇದ್ದಿದ್ದರೆ ಬೆನಕಪ್ಪ ಮೇಷ್ಟ್ರ ಮರ್ಯಾದೆ ಉಳಿಯುತ್ತಿತ್ತು. ಶಿವನಿಯಲ್ಲಿ ಹತ್ತಿ, ಅಜ್ಜಂಪುರ ದಾಟಿದ ಮೇಲೆ ತೂಕಡಿಸುತ್ತಿದ್ದವರು ಆ ಕುಲುಕಾಟಕ್ಕೆ ಕಣ್ಣು ಬಿಟ್ಟರು. ಕಿಟಕಿಯಾಚೆ ಯಾರದೋ ಮನೆಯಂಗಳದಲ್ಲಿ ಡೇರೆ ಹೂವೊಂದು ಅರಳಿ ನಿಂತಿತ್ತು. ಕಡುಗೆಂಪು ಎಸಳು, ತುದಿಯಲ್ಲಿ ಮಾತ್ರ ಬಿಳಿ.

ಅದು ದಾಕ್ಷಾಯಣಮ್ಮನ ಹೂ. ಹೆಂಡತಿ ತವರಿನಿಂದ ತಂದು ಮೂವತ್ತು ವರ್ಷ ಸಾಕಿದ ಬಣ್ಣ. ಊರಿನ ಹೆಂಗಸರು ಎಷ್ಟು ಗೋಗರೆದರೂ ಒಂದು ಗೆಡ್ಡೆ ಕೊಟ್ಟವಳಲ್ಲ. ಬೆಳಿಗ್ಗೆ ಗಂಡನಿಗೆ ಕಾಫಿ ಕೊಡುವ ಮೊದಲು ಆ ಗಿಡಕ್ಕೆ ನೀರು ಕೊಡುತ್ತಿದ್ದಳು; ಆ ವಿಷಯಕ್ಕೆ ಮೇಷ್ಟ್ರು ಮುನಿಸಿಕೊಂಡದ್ದೂ ಉಂಟು. ಹೋದ ವರ್ಷ ದೀಪಾವಳಿ ಕಳೆದು ಒಂದು ವಾರಕ್ಕೆ ಅವರ ಕೈ ಹಿಡಿದು, "ಗೆಡ್ಡೆ ಕಿತ್ತು ಮಡಕೇಲಿ ಇಟ್ಟಿದ್ದೀನಿ, ಮಳೆ ಬಂದಾಗ ನೆಟ್ಬಿಡಿ" ಎಂದು ಹೇಳಿ, ಇವರು ಹೂಂ ಅಂದ ಮೇಲೆ ಕಣ್ಣು ಮುಚ್ಚಿದಳು.

ಹನ್ನೊಂದನೇ ದಿನದ ಊಟಕ್ಕೆ ಮೇಷ್ಟ್ರ ತಂಗಿ ಯಶೋದಾ ಆ ಮಡಕೆಯಲ್ಲಿದ್ದದ್ದನ್ನು ಗೆಣಸೆಂದು ತಿಳಿದು ಸಾಂಬಾರು ಮಾಡಿದಳು. ಬಂದವರೆಲ್ಲ ಚೆನ್ನಾಗಿದೆ ಎಂದರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡರು. ಮಡಕೆ ಖಾಲಿಯಾದದ್ದು ಗೊತ್ತಾಗಿದ್ದು ಮಳೆ ಶುರುವಾದ ಮೇಲೆ. ಅಂದಿನಿಂದ ಹೆಂಡತಿಯ ಫೋಟೋ ಎದುರು ನಿಲ್ಲಲು ಅವರಿಗೆ ಮುಖವಿಲ್ಲ. ನಾಳೆಯೇ ವರ್ಷದ ಪೂಜೆ. ಭಾವಮೈದುನನನ್ನು ಕರೆಯಲು ಹೊರಟವರಿಗೆ ಈಗ ಕರೆಯುವುದೆಲ್ಲ ಮರೆತೇ ಹೋಯಿತು. ಒಂದು ಗೆಡ್ಡೆ ಸಿಕ್ಕರೆ ಸಾಕು, ಅವಳಿಗೆ ಕೊಟ್ಟ ಮಾತು ಉಳಿಯುತ್ತದೆ.

"ನಿಲ್ಸಪ್ಪಾ" ಎಂದು ಎದ್ದರು.

"ಇಲ್ಲಿ ಸ್ಟಾಪ್ ಇಲ್ಲ ಕಣ್ರೀ" ಎಂದ ಕಂಡಕ್ಟರ್.

"ಪಾಪ, ಶುಗರ್ ಇರ್ಬೇಕು, ತಡ್ಕಳಕ್ಕಾಗಲ್ಲ. ನಿಲ್ಸಿ ಅತ್ಲಾಗೆ" ಎಂದು ಪಕ್ಕದವನು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಬಸ್ಸು ನಿಂತಿತು. ಇಳಿದ ಮೇಷ್ಟ್ರು ಬೇಲಿಯ ಕಡೆ ಹೋಗದೆ ಮನೆಯ ಕಡೆ ಹೋದದ್ದನ್ನು ಬಸ್ಸಿನವರೆಲ್ಲ ಬೇಸರದಿಂದ ನೋಡಿದರು.

ಬಾಗಿಲು ತಟ್ಟಿ ಕೇಳಬಹುದಿತ್ತು. ಆದರೆ ಕೇಳಿ ತಂದ ಗಿಡ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಚೆನ್ನಾಗಿ ಬರುವುದು ಎಂದು ದಾಕ್ಷಾಯಣಮ್ಮ ಯಾವಾಗಲೂ ಹೇಳುತ್ತಿದ್ದಳು. ಜೀವನದಲ್ಲಿ ಒಮ್ಮೆಯೂ ಅವಳ ಮಾತು ಕೇಳದ ಮೇಷ್ಟ್ರು ಈ ಸಲ ಕೇಳಿದರು. ಗೇಟು ಸರಿಸಿ, ಕುಕ್ಕರಗಾಲಲ್ಲಿ ಕೂತು, ಛತ್ರಿಯ ಮೊನೆಯಿಂದ ಬುಡ ಕೆದಕಿ, ಗೆಡ್ಡೆ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಇಡೀ ಗಿಡವೇ ಕಿತ್ತು ಬಂತು. ಮೇಷ್ಟ್ರು ಹಿಂದಕ್ಕೆ ಉರುಳಿ, ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನೆಲ್ಲ ಬೀಳಿಸಿ, ನೆಲಕ್ಕೆ ಕೂತುಬಿಟ್ಟರು.

ಆ ಸದ್ದಿಗೆ ಅರ್ಧ ಬೀದಿ ಸೇರಿತು. ಮುಂದೆ ಬಂದ ಗಟ್ಟಿಮುಟ್ಟಾದ ಗಂಡಸು ಅವರನ್ನು ಎಬ್ಬಿಸಿ ಮುಖ ನೋಡಿದ.

"ಮೇಷ್ಟ್ರೇ, ನೀವಾ? ನಾನು ಸುರೇಶ. ಸ್ಕೂಲ್ ತೋಟದ ದಾಸವಾಳ ಕಿತ್ತಿದ್ದಕ್ಕೆ ನನ್ನ ಕೈ ಊದೋ ಹಾಗೆ ಬಾರಿಸಿದ್ರಲ್ಲ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮನೆಯ ಯಜಮಾನಿ ಗುರುಶಾಂತಮ್ಮ ಹೊರಗೆ ಬಂದು, ಗಿಡ ನೋಡಿ, ಇವರನ್ನು ನೋಡಿದರು.

"ಯಾವೂರು ನಿಮ್ಮದು?"

"ಶಿವನಿ. ಬೆನಕಪ್ಪ ಅಂತ."

"ದಾಕ್ಷಾಯಣಮ್ಮನೋರ ಯಜಮಾನ್ರಾ?"

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಸೇರಿದವರೂ ಸ್ವಲ್ಪ ಹಿಂದೆ ಸರಿದರು.

"ಹೋದ ವರ್ಷ ಆಸ್ಪತ್ರೆ ಹೆಂಗಸರ ವಾರ್ಡಲ್ಲಿ ಅವರ ಪಕ್ಕದ ಮಂಚ ನಂದೇ" ಎಂದರು ಗುರುಶಾಂತಮ್ಮ. "ಮುಂದಿನ ಸಲ ತೋರಿಸ್ಕಳಕ್ಕೆ ಬಂದಾಗ ಸೆರಗಲ್ಲಿ ಕಟ್ಕೊಂಡು ಬಂದು ಈ ಗೆಡ್ಡೆ ಕೊಟ್ರು. ಪುಣ್ಯಾತ್ಗಿತ್ತಿ."

"ಹಾಗಾದ್ರೆ ಅದರಲ್ಲಿ ನನಗೊಂದು ಕೊಡಿ ತಾಯಿ. ನಾಳೆ ಅವಳ ಪೂಜೆ."

"ಆಗಲ್ಲ. ಮಾತು ಕೊಟ್ಟಿದ್ದೀನಿ. 'ನಮ್ಮೆಜಮಾನ್ರು ಒಳ್ಳೇರು, ಆದ್ರೆ ಅವರ ಕೈಲಿ ಗಿಡ ಉಳಿಯಲ್ಲ. ನಾನು ಹೋದ್ಮೇಲೆ ಹುಡುಕ್ಕೊಂಡು ಬಂದ್ರೂ ಕೊಡಬೇಡಿ, ನನ್ನ ಹೂವಿನ ಬಣ್ಣ ಒಂದ್ಕಡೆಯಾದ್ರೂ ಇರ್ಲಿ' ಅಂದಿದ್ರು."

"ನೆಡೋಕೆ ನನಗೇ ಹೇಳಿದ್ಲು, ಸಾಯೋ ಹೊತ್ತಲ್ಲಿ."

"ಅದು ನಿಮ್ಮ ಸಮಾಧಾನಕ್ಕೆ ಹೇಳಿರ್ತಾರೆ ಬಿಡಿ. ಅಲ್ಲಿದ್ದ ಗೆಡ್ಡೆ ಏನಾದ್ವು?"

ಅಷ್ಟು ಜನರ ಮುಂದೆ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಗುರುಶಾಂತಮ್ಮನಿಗೂ ಪಾಪ ಅನ್ನಿಸಿತು, ಆದರೆ ಮಾತು ಮಾತೇ. ಗುಂಡಿ ಸರಿಮಾಡಿಸಿ, ಅವರ ಕೈಯಿಂದಲೇ ಗಿಡ ನೆಡಿಸಿ, ಚೊಂಬು ಕೊಟ್ಟು "ಮೆಲ್ಲಗೆ ಹೊಯ್ರಿ" ಎಂದರು. ಮೂವತ್ತು ವರ್ಷದಲ್ಲಿ ಆ ಹೂವಿನ ಗಿಡಕ್ಕೆ ಮೇಷ್ಟ್ರು ನೀರು ಹಾಕಿದ್ದು ಅದೇ ಮೊದಲು.

"ಹೂವಾದ್ರೂ ಒಂದು ಕೊಡಿ ತಾಯಿ" ಎಂದು ಚೊಂಬು ಕೆಳಗಿಟ್ಟು ಬೇಡಿಕೊಂಡರು. "ಫೋಟೋಗೆ ಇಡ್ತೀನಿ."

ಗುರುಶಾಂತಮ್ಮ ನಿಟ್ಟುಸಿರು ಬಿಟ್ಟರು. "ಅರಳಿದ್ದು ಒಂದೇ ಕಣ್ರೀ. ಬಿದ್ದಾಗ ಅದರ ಮೇಲೇ ಕೂತ್ಬಿಟ್ರಿ. ನಿಮ್ಮ ಪಂಚೆ ಹಿಂದೆ ಅಂಟ್ಕೊಂಡೈತೆ, ನೋಡ್ಕಳಿ."