ಸಾರ್ವಜನಿಕ ಗಂಟಲು

ನನ್ನ ಸೋದರತ್ತೆಗೆ ನಾನೆಂದರೆ ಪ್ರಾಣ ಎಂದು ದೊಡ್ಡಬಳ್ಳಾಪುರದ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳು! ಅವರಿಗೆ ಬೇಕಾಗಿದ್ದುದು ನಾನಲ್ಲ, ನನ್ನ ಗಂಟಲು.

ನಾನು ಎಂ.ಎಸ್ಸಿ. ಓದಿದವಳು, ಅಳೆದು ಮಾತಾಡುವವಳು. ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಗುಲಿದರೂ ಕಿಟಕಿಯ ಕಡೆಗೆ ಸರಿಯುವವಳು. ಕುಂದಾಣದ ಮನೆಯಿಂದ ದಿನಾ ಕೆಲಸಕ್ಕೆ ಓಡಾಡುವುದು ಕಷ್ಟವೆಂದು ಅತ್ತೆಯ ಮನೆಯಲ್ಲಿ ಉಳಿದುಕೊಂಡೆ. ಒಂದು ಕೋಣೆ, ಅದಕ್ಕೊಂದು ಚಿಲಕ, ಇಷ್ಟೇ ನಾನು ಬಯಸಿದ್ದು. ಸಿಕ್ಕಿದ್ದೇನು?

ಅತ್ತೆ ಅಂಗನವಾಡಿಯಿಂದ ನಿವೃತ್ತರಾಗಿದ್ದರು. ಮಕ್ಕಳು ಮಾತ್ರ ಅತ್ತೆಯಿಂದ ನಿವೃತ್ತರಾಗಿರಲಿಲ್ಲ. ಸಂಜೆಯಾದರೆ ಬೀದಿಯ ಪುಟಾಣಿಗಳೆಲ್ಲ ನಮ್ಮ ಪಡಸಾಲೆಯಲ್ಲಿ. ಅವರಿಗೆ ಅಕ್ಷರಗಳ ಸದ್ದು ಕಲಿಸಬೇಕು. ಆದರೆ ಎರಡೂ ಪಕ್ಕದಲ್ಲಿ ಪವರ್‌ಲೂಮುಗಳು ಬಡಿದುಕೊಳ್ಳುವಾಗ ಸದ್ದು ಕೇಳಿಸುವುದಾದರೂ ಯಾರಿಗೆ? “ಕಿವಿಗೆ ಕೇಳ್ದಿದ್ರೆ ಕೈಗೆ ಕೇಳುಸ್ಬೇಕು” ಎಂಬುದು ಅತ್ತೆಯ ಸಿದ್ಧಾಂತ. ಅಂಗೈ ಮೇಲೆ ಚಿಟಿಕೆ ರಾಗಿಹಿಟ್ಟು ಇಟ್ಟು, ಬಾಯಿಯ ಹತ್ತಿರ ಹಿಡಿದು ‘ಹ’ ಎನ್ನಬೇಕು, ಹಿಟ್ಟು ಹಾರಬೇಕು. ‘ಅ’ ಎಂದರೆ ಹಾರಬಾರದು. ‘ಸ್’ ಎಂದರೆ ಗಂಟಲು ಸುಮ್ಮನಿರುತ್ತದೆ, ‘ಮ್’ ಎಂದರೆ ಜುಮ್ಮೆನ್ನುತ್ತದೆ. ಅದನ್ನು ಮುಟ್ಟಿಯೇ ತಿಳಿಯಬೇಕು. ಯಾರ ಗಂಟಲು ಮುಟ್ಟಿ? ಹೇಳಬೇಕೆ!

“ಬಾರೇ ಇಲ್ಲಿ, ಐದೇ ನಿಮ್ಷ.”

“ನಿಮ್ಮ ಗಂಟ್ಲಿಲ್ವಾ ಅತ್ತೆ?”

“ನಂದು ಹಳೇದು ಕಣೇ, ಬರೀ ಗೊರಗೊರ ಅಂತದೆ. ನಿಂದಾದ್ರೆ ಬಳಸ್ದೇ ಇಟ್ಟಿರೋ ಹೊಸಾ ಮಾಲು.”

ಮಾಲಂತೆ! ಹಿಟ್ಟು ಮೆತ್ತಿದ ಪುಟ್ಟ ಕೈಗಳು ಸರದಿಯಲ್ಲಿ ಬಂದು ನನ್ನ ಕುತ್ತಿಗೆ ಹಿಡಿಯುತ್ತಿದ್ದವು. ನಾನು ಮೆಲ್ಲಗೆ ‘ಮ್’ ಎನ್ನುತ್ತಿದ್ದೆ. ಅತ್ತೆ ಎರಡು ಬೆರಳಿನಿಂದ ನನ್ನ ಗಂಟಲನ್ನು ಟಕ್ ಟಕ್ ಎಂದು ತಟ್ಟುತ್ತಿದ್ದರು. ಜೋರಾಗಿ ಎಂದು ಅದರ ಅರ್ಥ. ಜೋರು ಮಾಡಿದರೆ ಮತ್ತೆ ಟಕ್ ಟಕ್. ಕೊನೆಗೆ ನಾನು ಕರು ಕಾಣದ ಹಸುವಿನಂತೆ ಕೂಗುವವರೆಗೂ ಬಿಡುತ್ತಿರಲಿಲ್ಲ.

“ಅಜ್ಜೀ, ಅಕ್ಕನ್ ಗಂಟ್ಲಲ್ಲಿ ಜೇನುಹುಳ ಐತೆ!” ಎಂದು ಒಂದು ಪುಟ್ಟ ಹುಡುಗಿ ಚೀರಿದಳು.

“ಐತೆ ಕಣವ್ವಾ. ಆಚೆ ಬರಕ್ಕೆ ಅದುಕ್ಕೆ ನಾಚ್ಕೆ” ಎಂದರು ಅತ್ತೆ.

ಇದನ್ನೂ ಸಹಿಸಿದೆ. ಆದರೆ ನಂದಗುಡಿಯಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದ ದಿನ ಅತ್ತೆ ಮಾಡಿದ್ದನ್ನು ಯಾರಾದರೂ ಸಹಿಸುತ್ತಾರೆಯೆ? “ಇವತ್ತೊಂದಿನ ಹಿಟ್ಟು ಬೇಡ ಅತ್ತೆ” ಎಂದು ಬೇಡಿಕೊಂಡಿದ್ದೆ. “ಆಯ್ತಮ್ಮ” ಎಂದಿದ್ದರು. ಹುಡುಗನ ತಂದೆ, “ಕಾಫಿ ಬ್ಯಾಡಿ, ಒಂದ್ಲೋಟ ಆಲು ಕೊಡಿ ಸಾಕು” ಎಂದರು. ಅಷ್ಟೇ! ಅತ್ತೆಯ ಕಣ್ಣು ಮಿನುಗಿತು.

“ಬೀಗ್ರೇ, ಒಂಚೂರು ಅಂಗೈ ಕೊಡಿ.”

ಮಾತುಕತೆಯೇ ಆಗಿಲ್ಲ, ಆಗಲೇ ಬೀಗರು! ಅತ್ತೆ ಕಣಿ ಹೇಳುತ್ತಾರೇನೋ ಎಂದು ಆತ ಕೈ ಚಾಚಿದರು. ಅತ್ತೆ ಹಿಟ್ಟು ಸುರಿದರು. “ನಮ್ಮನೇಲೂ ಆಲು ಅಂತ್ಲೇ ಅನ್ನೋದು, ಹಸು ಏನ್ ಬೇಜಾರ್ ಮಾಡ್ಕಳಲ್ಲ. ಓದೋವಾಗ ಮಾತ್ರ ಹಿಟ್ಟು ಹಾರ್ಬೇಕು. ಈಗ ಅನ್ನಿ, ಹಾಲು!”

ಆತ ಶ್ರದ್ಧೆಯಿಂದ “ಹಾಲು!” ಎಂದರು. ಹಿಟ್ಟು ಹಾರಿ, ಪಕ್ಕದಲ್ಲಿದ್ದ ಮಗನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಕುಳಿತಿತು. ಸಂಬಂಧ ಮಾತ್ರ ಕುದುರಲಿಲ್ಲ.

“ಹೋಗ್ಲಿ ಬಿಡು,” ಎಂದರು ಅತ್ತೆ, “ಆ ಹುಡ್ಗುನೂ ಬಾಯೇ ಬಿಡ್ಲಿಲ್ಲ. ನೀವಿಬ್ರೂ ಸೇರಿದ್ರೆ ಮನೇಲಿ ಹಲ್ಲಿ ಒಂದೇ ಮಾತಾಡ್ಬೇಕಾಗಿತ್ತು.”

ಮತ್ತೆ ಬಸ್ಸಿನ ಓಡಾಟವಾದರೂ ಸರಿ ಎಂದು ನಾನು ಸಿಟ್ಟಿನಿಂದ ದೇವನಹಳ್ಳಿಗೆ ಹೋಗಿ ಬಾಡಿಗೆಗೆ ಒಂದು ಕೋಣೆ ನೋಡಿ ಬಂದೆ. ಗಟ್ಟಿಯಾದ ಚಿಲಕವಿತ್ತು. ಬಟ್ಟೆಗಳನ್ನೂ ಕಟ್ಟಿಟ್ಟೆ.

ಹೊರಡುವ ಮೊದಲೇ ಅತ್ತೆಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮರಳಿದಾಗ ಬಲಗೈ ಸೋತಿತ್ತು, ಮಾತು ನಿಂತಿತ್ತು. ಇದೆಂಥ ಅನ್ಯಾಯ! ಇಡೀ ಬೀದಿಗೆ ಸದ್ದು ಹಂಚಿದವರಿಗೆ ತಮಗೆಂದು ಒಂದಾದರೂ ಉಳಿಯಬಾರದೆ? ಅಭ್ಯಾಸ ಮಾಡಿಸುತ್ತಿದ್ದರೆ ಮಾತು ಮರಳಬಹುದು ಎಂದರು ಡಾಕ್ಟರು. ಅತ್ತೆ ತುಟಿಯನ್ನೇ ತೆರೆಯುತ್ತಿರಲಿಲ್ಲ.

ಒಂದು ಸಂಜೆ ಮಕ್ಕಳು ತಾವಾಗಿಯೇ ಬಂದರು. ಜೇನುಹುಳದ ಹುಡುಗಿ ತನ್ನ ಅಂಗೈಯಲ್ಲಿ ರಾಗಿಹಿಟ್ಟು ಇಟ್ಟುಕೊಂಡು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. “ಹ ಅನ್ನಿ ಅಜ್ಜಿ.”

ಅತ್ತೆಯ ತುಟಿ ಅದುರಿತು. ಹಿಟ್ಟು ಕದಲಲಿಲ್ಲ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಅಷ್ಟರಲ್ಲಿ ಕರೆಂಟು ಹೋಗಿ ಬೀದಿಯ ಲೂಮುಗಳೆಲ್ಲ ಒಮ್ಮೆಗೇ ನಿಂತವು. ಅಂಥ ನಿಶ್ಶಬ್ದದಲ್ಲಿ ನಾನು ಕೆಮ್ಮಲೂ ಹಿಂಜರಿಯುವವಳು. ಮಂಚದ ಅಂಚಿನಲ್ಲಿ ಕುಳಿತು, ಅತ್ತೆಯ ಎಡಗೈಯನ್ನೆತ್ತಿ ನನ್ನ ಗಂಟಲ ಮೇಲೆ ಇಟ್ಟುಕೊಂಡೆ. ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ.

“ಮ್” ಎಂದೆ, ಮೆಲ್ಲಗೆ.

ಬೆರಳುಗಳು ಸುಮ್ಮನಿದ್ದವು. ತಣ್ಣಗಿದ್ದವು. ಆಮೇಲೆ, ಬಹಳ ನಿಧಾನವಾಗಿ, ಟಕ್ ಟಕ್.

ನಾನು ಕೂಗಿದೆ. ಎದುರುಮನೆಯ ಕಿಟಕಿ ತೆರೆಯಿತು. ಬಾಗಿಲಲ್ಲಿ ಯಾರೋ ಬಂದು ನಿಂತರು. ನಿಲ್ಲಲಿ! ಇನ್ನೂ ಜೋರಾಗಿ, ಕರು ಕಾಣದ ಹಸುವಿನಂತೆ, ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಅತ್ತೆ ಗೋಡೆಯಿಂದ ಮುಖ ತಿರುಗಿಸಿ ನನ್ನ ಬಾಯನ್ನೇ ನೋಡಿದರು. ಅವರ ತುಟಿಗಳೂ ‘ಮ್’ ಎನ್ನುವಂತೆ ಒಂದಕ್ಕೊಂದು ಕೂಡಿದವು.

ಟಕ್ ಟಕ್.